ಕಾರಿನ ಮೂಗು, ಅಜ್ಜಿಯ ಊದುಗೊಳವೆ

ಹಾಲಿಗೆ ಹೆಪ್ಪು ಹಾಕುವ ಮುಂಚೆ ಬಿಸಿ ನೋಡಲೆಂದೇ ನಮ್ಮ ಮನೆಯಲ್ಲಿ ಒಂದು ಥರ್ಮಾಮೀಟರ್ ಇದೆ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅಜ್ಜಿ ಕಿರುಬೆರಳು ಅದ್ದಿ ಮುಗಿಸುತ್ತಿದ್ದ ಕೆಲಸಕ್ಕೆ ಅಮೆರಿಕದ ಡೆನ್ವರಿನ ಚಳಿಯಲ್ಲಿ ಯಂತ್ರ ಬೇಕಾಯಿತು. ಹೋದ ಜುಲೈನ ಒಂದು ಮಧ್ಯಾಹ್ನ ಅದು ಅಡುಗೆಮನೆಯಿಂದ ನಾಪತ್ತೆ. ಡ್ರಾಯರುಗಳನ್ನೆಲ್ಲ ತಡಕಾಡಿ ಸೋತ ಹೆಂಡತಿ ಗ್ಯಾರೇಜಿಗೆ ಬಂದು ನೋಡಿದರೆ, ಅದು ಕಾರಿನ ಬಾನೆಟ್ಟಿನಡಿ, ಎಂಜಿನ್ನಿನ ಪಕ್ಕ, ಮೈತುಂಬ ಟೇಪು ಸುತ್ತಿಸಿಕೊಂಡು ಕೂತಿತ್ತು. "62 ಡಿಗ್ರಿ!" ಎಂದೆ, ರಾಜ್ಯಕ್ಕೇ ರ‍್ಯಾಂಕ್ ಬಂದವನಂತೆ. "ಹೆಪ್ಪು ಹಾಕೋಕೆ ಸ್ವಲ್ಪ ಜಾಸ್ತಿ ಆಯ್ತು ಕಣ್ರೀ" ಎಂದಳು. ಆಮೇಲೆ, "ಅದನ್ನ ಇನ್ಮೇಲೆ ನೀವೇ ಇಟ್ಕೊಳ್ಳಿ" ಎಂದು ಒಳಗೆ ಹೋದಳು.

ಕಾರು ಕೆಂಪು ಬಣ್ಣದ 1991ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುವ ದೀಪಗಳು. ಬ್ರಿಟಿಷರು ಮಾಡುತ್ತಿದ್ದಂಥ ಹಗುರದ, ಜೇಬಿಗೆ ಭಾರವಲ್ಲದ ತೆರೆದ ಕಾರನ್ನು ನೀವ್ಯಾಕೆ ಮಾಡಬಾರದು ಎಂದು ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಮಾಜ್ದಾದ ಕೆನಿಚಿ ಯಾಮಾಮೊಟೊ ಅವರ ಕಿವಿಗೆ ಹಾಕಿದ ಮಾತು ಮೊಳೆತು, 1989ರ ಫೆಬ್ರವರಿಯಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಈ ಕಾರಾಗಿ ನಿಂತಿತು. ತಯಾರಿಯ ಹೊಣೆ ಹೊತ್ತ ತೋಶಿಹಿಕೊ ಹಿರಾಯ್ ಅವರ ಮಂತ್ರ, ಕುದುರೆಯೂ ಸವಾರನೂ ಒಂದೇ ದೇಹವಾಗಬೇಕು ಎಂಬುದು. 2016ರ ಏಪ್ರಿಲ್ ಹೊತ್ತಿಗೆ ಈ ಮಾದರಿಯ ಹತ್ತು ಲಕ್ಷನೇ ಕಾರು ಹೊರಬಂತು. ನನ್ನ ಪಾಲಿಗೆ ಬಂದದ್ದು ಅದರ ಮೊದಲ ತಲೆಮಾರು: 1.6 ಲೀಟರಿನ ಎಂಜಿನ್, ಕಾಗದದ ಮೇಲೆ 116 ಅಶ್ವಶಕ್ತಿ.

ಕಾಗದದ ಮೇಲೆ ಎಂದೆ. ಡೆನ್ವರ್ ಸಮುದ್ರಮಟ್ಟಕ್ಕಿಂತ ಸರಿಯಾಗಿ ಒಂದು ಮೈಲಿ, ಅಂದರೆ 1,609 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು. ಇಲ್ಲಿಗೆ ಬಂದ ಹೊಸದರಲ್ಲಿ ನಮಗೆ ಇದನ್ನು ತಿಳಿಸಿದ್ದು ತೊಗರಿಬೇಳೆ. ನೀರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರ್ ಇನ್ನೆರಡು ಸೀಟಿ ಕೇಳುತ್ತದೆ. ಆದರೆ ಕಾರಿನ ಎಂಜಿನ್ನಿಗೆ ಎರಡು ಸೀಟಿ ಜಾಸ್ತಿ ಹಾಕಿಸಲು ಬರುವುದಿಲ್ಲ. ಗಾಳಿ ಶೇ. 17ರಷ್ಟು ಕಮ್ಮಿಯಾದರೆ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ. 116 ಕುದುರೆಗಳಲ್ಲಿ 20 ಕುದುರೆ ಕಡಲತೀರದಲ್ಲೇ ಉಳಿದುಬಿಟ್ಟಿವೆ. ಬೆಂಗಳೂರಿನವರು ನಗಬೇಕಿಲ್ಲ, ಅಲ್ಲಿಯ ಎತ್ತರದಲ್ಲೂ ನೂರಕ್ಕೆ ಹತ್ತರ ಹತ್ತಿರ ಕುದುರೆಗಳು ಮಂಗಳೂರಿನಲ್ಲೇ ಇಳಿದುಕೊಂಡಿರುತ್ತವೆ.

ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ತಿನ್ನುವುದು ಗಾಳಿಯನ್ನು. ಪೆಟ್ರೋಲು ನೆಂಚಿಕೊಳ್ಳುವ ಉಪ್ಪಿನಕಾಯಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲು ಉರಿಯಲು ಸಮುದ್ರಮಟ್ಟದಲ್ಲಿ ಸುಮಾರು 9,000 ಲೀಟರ್ ಗಾಳಿ ಬೇಕು. ನನ್ನ ಪುಟ್ಟ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ 4,800 ಲೀಟರ್ ಜಾಗದಷ್ಟು ಗಾಳಿ ಎಳೆಯಬಲ್ಲದು; ಸುಮ್ಮನೆ ಕೂತ ಆರುನೂರು ಜನರ ಉಸಿರು ಅದು. ನಮ್ಮೂರ ತೇರು ಎಳೆಯಲು ಅಷ್ಟು ಜನ ಸೇರುವುದಿಲ್ಲ.

ಹಾಗಾದರೆ ಮೂಗು ದೊಡ್ಡದು ಮಾಡಿದರೆ? ಈ ಯೋಚನೆ ಬಂದದ್ದು ನನಗೊಬ್ಬನಿಗೇ ಅಲ್ಲ. ಸ್ಪೋರ್ಟ್ಸ್ ಕಾರು ಕೊಂಡು ಕೈಯಲ್ಲಿ ಕಾಸಿಲ್ಲದವರೆಲ್ಲ ಮೊದಲು ಕೈಹಾಕುವುದು ಗಾಳಿಯ ದಾರಿಗೇ. ಟರ್ಬೋ ಹಾಕಿಸಲು ಸಾವಿರಾರು ಡಾಲರ್ ಬೇಕು; ಕೊಳವೆ ಬದಲಿಸಲು ಒಂದು ಭಾನುವಾರ ಸಾಕು. ನನ್ನ ಬಜೆಟ್ 60 ಡಾಲರ್. ಶಂಕುವಿನಾಕಾರದ ಎಣ್ಣೆ ಸವರಿದ ಫಿಲ್ಟರ್ 25, ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು ಮತ್ತು ಬೆಂಡು 9, ರಬ್ಬರಿನ ಜೋಡಣೆಗಳು 14, ಬಿಗಿಯುವ ಕ್ಲಿಪ್ಪುಗಳು 6. ಒಟ್ಟು 54. ಮಾಜ್ದಾದವರು ಕೊಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬವನ್ನು ಬಿಚ್ಚಿ, ತೆರೆದೂ ನೋಡದೆ ಗ್ಯಾರೇಜಿನ ಮೂಲೆಗೆ ಎಸೆದೆ. ಈ 'ತೆರೆದೂ ನೋಡದೆ' ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಪೈಪು ಕೈಯಲ್ಲಿ ಹಿಡಿದಾಗ ನೆನಪಾದದ್ದು ಅಜ್ಜಿಯ ಊದುಗೊಳವೆ. ನಮ್ಮದು ತೆಂಗಿನ ಸೀಮೆ. ಒಲೆಗೆ ಮಟ್ಟೆ, ಕರಟ, ಸೋಗೆ. ಮಳೆಗಾಲದಲ್ಲಿ ಒದ್ದೆ ಮಟ್ಟೆ ಬರೀ ಹೊಗೆಯುತ್ತಿತ್ತು. ಕಬ್ಬಿಣದ ಕೊಳವೆಯ ಒಂದು ತುದಿ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ನಾನು ಊದುತ್ತಿದ್ದೆ. ಬೂದಿ ಹಾರಿ ಕಣ್ಣಿಗೆ ಬೀಳುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ. ಅಜ್ಜಿ ಕೊಳವೆ ಕಿತ್ತುಕೊಂಡು ಅದರಲ್ಲೇ ಒಲೆಯೊಳಗಿನ ಬೂದಿಯನ್ನು ಈಚೆಗೆ ಎಳೆದು, ಮಟ್ಟೆಯನ್ನು ಒಂದಿಷ್ಟು ಎತ್ತಿ ಸಂದಿ ಮಾಡಿ, ಒಂದೇ ಒಂದು ಸಲ ಊದುತ್ತಿದ್ದಳು. ಭಗ್ಗನೆ ಹತ್ತುತ್ತಿತ್ತು. "ಮೊದ್ಲು ಬೂದಿ ತೆಗಿಯೋ, ಆಮೇಲೆ ಊದು" ಎನ್ನುತ್ತಿದ್ದಳು. ಎಂಜಿನಿಯರಿಂಗ್ ಓದಿದ ಮೇಲೆ ನನಗೆ ಇದು ಮರೆತೇ ಹೋಯಿತು.

ಹೊಸ ಕೊಳವೆ ಕೂರಿಸಿ ಗಾಡಿ ಶುರು ಮಾಡಿದೆ. ಆಹಾ, ಆ ಶಬ್ದ! ಆಕ್ಸಿಲರೇಟರ್ ಒತ್ತಿದರೆ ಹೋರಿ ಬುಸುಗುಟ್ಟಿದಂತೆ. ಇಪ್ಪತ್ತು ಕುದುರೆಗಳೂ ಕಡಲತೀರದಿಂದ ಓಡಿ ಬಂದವು ಅಂದುಕೊಂಡೆ. ಅನುಮಾನಕ್ಕೆ ಎಡೆಯಿರಬಾರದೆಂದು, ಹಳೆಯದನ್ನು ಬಿಚ್ಚುವ ಮುಂಚೆ ನೋಡಿದ್ದಂತೆಯೇ, ಊರಾಚೆಯ ಒಂದೇ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, ಫೋನಿನ ಗಡಿಯಾರ ಹಿಡಿದು ಐದು ಸಲ ಓಡಿಸಿ ನೋಡಿದೆ. ಹಳೆಯ ಕೊಳವೆಗೂ ಹೊಸದಕ್ಕೂ ಬಂದ ವ್ಯತ್ಯಾಸಕ್ಕಿಂತ, ಬಟನ್ ಒತ್ತುವಲ್ಲಿ ನನ್ನ ಹೆಬ್ಬೆರಳು ಮಾಡಿದ ವ್ಯತ್ಯಾಸವೇ ದೊಡ್ಡದಿತ್ತು. ವಾಲಗ ಜೋರಾದ ಮಾತ್ರಕ್ಕೆ ಮದುವೆ ಊಟ ರುಚಿಯಾಗುವುದಿಲ್ಲವಲ್ಲ.

ಕಾರಣ ಬಾನೆಟ್ಟಿನೊಳಗೇ ಇತ್ತು. ಈ ಕಾಲದ ಮಿಯಾಟಾದಲ್ಲಿ ಫಿಲ್ಟರ್ ಆದ ಮೇಲೆ ಗಾಳಿ ಅಳೆಯುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಬರುತ್ತದೆ. ಅದರೊಳಗೆ ಸ್ಪ್ರಿಂಗು ಹಾಕಿದ ಪುಟ್ಟ ಬಾಗಿಲು. ಬೆರಳಲ್ಲಿ ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಎಷ್ಟು ತೆರೆಯಿತು ಎಂಬುದನ್ನು ನೋಡಿ ಕಾರಿನ ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುತ್ತದೆ. ದೇವಸ್ಥಾನದ ಮುಂದಿನ ರಸ್ತೆಯನ್ನು ನೂರಡಿ ಅಗಲ ಮಾಡಿದರೂ ಗರ್ಭಗುಡಿಯ ಬಾಗಿಲು ಎಷ್ಟಿದೆಯೋ ಅಷ್ಟೇ ಜನ ಒಳಗೆ ಹೋಗುವುದು.

ಆ ಬಾಗಿಲಿಗೆ ಇನ್ನೊಂದು ಕೆಲಸವೂ ಇದೆ ಎಂದು ನನಗೆ ತಿಳಿದದ್ದು ನಡುರಸ್ತೆಯಲ್ಲಿ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಟಪ್ ಎಂದು ಸದ್ದಾಗಿ ಎಂಜಿನ್ ಸತ್ತಿತು. ಮತ್ತೆ ಕೀ ತಿರುಗಿಸಿದರೆ ಒಂದು ಕ್ಷಣ ಕೆಮ್ಮಿ ಮತ್ತೆ ಮೌನ. ಹಿಂದಿನವರ ಹಾರನ್ನಿನ ನಡುವೆ ಕಾರನ್ನು ಪಕ್ಕಕ್ಕೆ ತಳ್ಳಿ ಬಾನೆಟ್ ಎತ್ತಿದರೆ, ನನ್ನ 14 ಡಾಲರಿನ ರಬ್ಬರು ಜೋಡಣೆ ಪೈಪಿನಿಂದ ಜಾರಿ ಬಿದ್ದಿತ್ತು. ಎಂಜಿನ್ ಆ ಸಂದಿಯಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು. ಅಳತೆಯ ಬಾಗಿಲು ಅಲ್ಲಾಡಲೇ ಇಲ್ಲ. ಬಾಗಿಲು ಅಲ್ಲಾಡದಿದ್ದರೆ ಪೆಟ್ರೋಲ್ ಪಂಪೇ ನಿಲ್ಲುವ ಹಾಗೆ ಆ ಪೆಟ್ಟಿಗೆಯೊಳಗೊಂದು ಸ್ವಿಚ್ ಇಟ್ಟಿದ್ದಾರೆ. ಎಂಜಿನ್ ನಿಂತಾಗ ಪೆಟ್ರೋಲ್ ಹರಿಯುತ್ತಲೇ ಇರಬಾರದು ಎಂಬ ಮುನ್ನೆಚ್ಚರಿಕೆ ಅದು. ತಿಣುಕಿ ಪೈಪು ಸಿಕ್ಕಿಸಿ, ಕ್ಲಿಪ್ ಬಿಗಿಯಲು ಸ್ಕ್ರೂಡ್ರೈವರ್ ಇಲ್ಲದೆ ನಾಣ್ಯದಲ್ಲಿ ತಿರುಗಿಸಿ ಮನೆ ಸೇರಿದೆ.

ಇಷ್ಟಾದ ಮೇಲೆ ಬಂದದ್ದೇ ಥರ್ಮಾಮೀಟರಿನ ಪ್ರಸಂಗ. ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಕಾರು ಮುಂಚಿಗಿಂತ ಮಂಕಾಗುತ್ತಿತ್ತು. ಹೊರಗೆ 34 ಡಿಗ್ರಿ, ನನ್ನ ಬೋಳು ಫಿಲ್ಟರಿನ ಮುಂದೆ 62. ಹೊಗೆಕೊಳವೆ ಇರುವುದೂ ಅದೇ ಮಗ್ಗುಲಲ್ಲಿ. ಅದರ ಬಿಸಿಯನ್ನೇ ಫಿಲ್ಟರ್ ಮೂಸುತ್ತಿತ್ತು. ಬಿಸಿ ಗಾಳಿ ಹಿಗ್ಗಿ ತೆಳ್ಳಗಾಗುತ್ತದೆ. ಲೆಕ್ಕ ಹಾಕಿದರೆ ಶೇ. 8ರಷ್ಟು ಗಾಳಿ ಕಮ್ಮಿ. ಅಂದರೆ 54 ಡಾಲರ್ ಕೊಟ್ಟು ನಾನು ಇನ್ನೂ ಏಳೆಂಟು ಕುದುರೆಗಳನ್ನು ಓಡಿಸಿಬಿಟ್ಟಿದ್ದೆ.

ಹಟ ಬಿಡಲಿಲ್ಲ. ಅಡುಗೆಮನೆಯ ದೊಡ್ಡ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ ಫಿಲ್ಟರಿನ ಸುತ್ತ ಗೋಡೆ ಕಟ್ಟಿದೆ. ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಹಾಕುವ ಸುಕ್ಕು ಸುಕ್ಕಾದ ಕೊಳವೆ ತಂದು ಕಾರಿನ ಮೂತಿಯಿಂದ ತಂಗಾಳಿ ಬರುವಂತೆ ಮಾಡಿದೆ. ಮೇಲೊಂದು ಮುಚ್ಚಳ. ಈಗ 40 ಡಿಗ್ರಿ. ಲಾರಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಪಕ್ಕದ ಮನೆಯ ಮುದುಕರು ಕಾಫಿ ಲೋಟ ಹಿಡಿದು ಬಂದು ಬಹಳ ಹೊತ್ತು ನೋಡಿದರು. ನಾಲ್ಕು ಕಡೆ ಗೋಡೆ, ಮೇಲೆ ಮುಚ್ಚಳ, ಮುಂದಕ್ಕೆ ಚಾಚಿದ ಮೂತಿ. "ಚೆನ್ನಾಗಿದೆ. ಇಂಥದೇ ಒಂದು ಕಪ್ಪು ಬಣ್ಣದ್ದು ಆ ಮೂಲೆಯಲ್ಲಿ ಬಿದ್ದಿದೆಯಲ್ಲ?" ಎಂದರು.

ಅವರು ಹಾಗೆಂದ ಮೇಲೆ ಆ ಡಬ್ಬ ಯಾಕಿದೆ ಎಂದು ಓದಿ ನೋಡಿದೆ: ಎಂಜಿನ್ನಿಗೆ ಮೂಗುಬಟ್ಟೆ ಕಟ್ಟಿದ್ದು ಶಕ್ತಿ ಕಿತ್ತುಕೊಳ್ಳಲಲ್ಲ, ಜೀವ ಉಳಿಸಲು. ಹೊಲದ ಧೂಳು ಕುಡಿದು ಟ್ರ್ಯಾಕ್ಟರ್ ಎಂಜಿನ್ನುಗಳು ಹಾಳಾಗುವುದನ್ನು ಕಂಡ ಫ್ರ್ಯಾಂಕ್ ಡೊನಾಲ್ಡ್‌ಸನ್ 1915ರಲ್ಲಿ ಅವುಗಳಿಗೆ ಗಾಳಿ ಸೋಸುವ ಸಾಧನ ಮಾಡಿಕೊಟ್ಟರು. ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರಿನಲ್ಲಿ ಎಣ್ಣೆ ತುಂಬಿದ ಬಟ್ಟಲಿತ್ತು. ಬಿಚ್ಚಿದರೆ ತಳದಲ್ಲಿ ಅರ್ಧ ಬೆರಳು ಕೆಸರು. ನಾನು ಕೊಂಡದ್ದು ಯಾವುದರ ನಕಲೋ, ಆ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರನ್ನು ಮನೆಮಾತಾಗಿಸಿದ ಕೆ ಅಂಡ್ ಎನ್ ಶುರುವಾದದ್ದು 1969ರಲ್ಲಿ, ಕ್ಯಾಲಿಫೋರ್ನಿಯಾದ ಇಬ್ಬರು ಮೋಟಾರುಸೈಕಲ್ ಹುಚ್ಚರಿಂದ. ಕೆನ್ ಮತ್ತು ನಾರ್ಮ್, ಅದಕ್ಕೇ ಆ ಎರಡಕ್ಷರ. ಅಜ್ಜಿಯೂ ಬಾವಿ ನೀರನ್ನು ಬಿಳಿ ಬಟ್ಟೆಯಲ್ಲೇ ಗಾಳಿಸುತ್ತಿದ್ದಳು. ಗಾಳಿಯನ್ನೂ ಗಾಳಿಸಬೇಕಾಗುತ್ತದೆ ಎಂದಿದ್ದರೆ ನಕ್ಕುಬಿಡುತ್ತಿದ್ದಳು.

ತೆಳುಗಾಳಿಯ ಜೊತೆ ಗುದ್ದಾಡಿದವರಲ್ಲಿ ನಾನು ಮೊದಲಿಗನೂ ಅಲ್ಲ. ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ 4,302 ಮೀಟರ್ ಎತ್ತರದ ಪೈಕ್ಸ್ ಪೀಕ್ ಇದೆ. ವಿಮಾನಗಳು ಮೇಲೇರಿದಂತೆ ಸೋಲುವುದಕ್ಕೆ ಪರಿಹಾರ ಹುಡುಕುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ವಿಮಾನ ಎಂಜಿನ್ನನ್ನು ಲಾರಿಯ ಮೇಲೆ ಆ ಬೆಟ್ಟದ ತುದಿಗೆ ಹೊತ್ತೊಯ್ದರು. ಕೆಳಗೆ 350 ಅಶ್ವಶಕ್ತಿಯಿದ್ದದ್ದು ತುದಿಯಲ್ಲಿ ಸುಮಾರು 230ಕ್ಕೆ ಇಳಿಯಿತು. ತಮ್ಮ ಟರ್ಬೋ ಜೋಡಿಸಿದರು, 356ಕ್ಕೆ ಏರಿತು. ಟರ್ಬೋ ಅಂದರೆ ಎಂಜಿನ್ ಬಿಟ್ಟ ಹೊಗೆಯಿಂದಲೇ ಚಕ್ರ ತಿರುಗಿಸಿ ಒಳಕ್ಕೆ ಗಾಳಿ ತುರುಕುವುದು, ಕಮ್ಮಾರನ ತಿದಿಯ ಮೊಮ್ಮಗ. ಗಾಳಿ ಜಾಸ್ತಿ ಬೇಕೆಂದರೆ ಒತ್ತಿ ತುಂಬಬೇಕು. ಕೊಳವೆ ಅಗಲ ಮಾಡಿದರೆ ಆಕಾಶ ದಪ್ಪವಾಗುವುದಿಲ್ಲ. ಅದೇ ಬೆಟ್ಟದಲ್ಲಿ 1916ರಿಂದ ಕಾರುಗಳ ಓಟ ನಡೆಯುತ್ತಿದೆ, 156 ತಿರುವು. 2018ರಲ್ಲಿ ರೊಮೇನ್ ಡ್ಯೂಮಾ ಫೋಕ್ಸ್‌ವ್ಯಾಗನ್ನಿನ ವಿದ್ಯುತ್ ಕಾರಿನಲ್ಲಿ 8 ನಿಮಿಷದೊಳಗೆ ಹತ್ತಿ ದಾಖಲೆ ಮಾಡಿದರು. ಆ ಕಾರಿಗೆ ಮೂಗೇ ಇಲ್ಲ.

ಕೊನೆಗೆ ಮಾಜ್ದಾದ ಡಬ್ಬವನ್ನೇ ಮರಳಿ ಕೂರಿಸೋಣವೆಂದು ಮೂಲೆಯಿಂದ ಎತ್ತಿಕೊಂಡು ಮೊದಲ ಸಲ ಮುಚ್ಚಳ ತೆಗೆದೆ. ಒಳಗೆ ಇಲಿಯ ಗೂಡು. ಜೂನ್ ತಿಂಗಳಲ್ಲಿ ಈ ಊರಿನ ಕಾಟನ್‌ವುಡ್ ಮರಗಳಿಂದ ಹಾರುವ ಹತ್ತಿ, ಕಡಲೆಕಾಯಿ ಸಿಪ್ಪೆ, ಒಂದು ಹಳೇ ರಸೀದಿಯ ಚೂರು. ಅದರ ಕೆಳಗೆ ಕಪ್ಪಗೆ ಮೆತ್ತಿಕೊಂಡ ಕಾಗದದ ಫಿಲ್ಟರ್; ಬೆಳಕಿಗೆ ಹಿಡಿದರೆ ಒಂದು ಕಿರಣವೂ ಆಚೆ ಬರಲಿಲ್ಲ. ನನ್ನ ಕಾರು ಅಷ್ಟು ದಿನ ಕಂಬಳಿಯ ಮುಸುಕಿನೊಳಗಿಂದ ಉಸಿರಾಡುತ್ತಿತ್ತು. ನನ್ನ ಐದು ಓಟಗಳ ಲೆಕ್ಕದಲ್ಲಿ ಗೆದ್ದದ್ದೇನಾದರೂ ಇದ್ದರೆ ಅದು ಹೊಸ ಕೊಳವೆಯ ಹಿರಿಮೆಯಲ್ಲ, ಈ ಗೂಡು ಹೊರಗೆ ಬಿದ್ದದ್ದರ ಫಲ. ಅದನ್ನೂ ಬಿಸಿಗಾಳಿ ನುಂಗಿಹಾಕಿತ್ತು.

ಡಬ್ಬ ತೊಳೆದು, 12 ಡಾಲರಿನ ಹೊಸ ಕಾಗದದ ಫಿಲ್ಟರ್ ಹಾಕಿ, ಕೊಳವೆಯ ಬಿರುಕು ನೋಡಿ, ಕ್ಲಿಪ್ ಬಿಗಿದೆ. ತಂಗಾಳಿ ತರುವ ಸುಕ್ಕಿನ ಕೊಳವೆಯನ್ನು ಮಾತ್ರ ಡಬ್ಬದ ಮೂತಿಗೆ ಉಳಿಸಿಕೊಂಡೆ. ಹೋರಿಯ ಬುಸುಗುಟ್ಟುವಿಕೆ ನಿಂತಿತು. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಪೈಕ್ಸ್ ಪೀಕ್ ತುದಿಗೆ ಹೋಗಿಬಂದೆವು. ಕಾರೂ ಏದುಸಿರು ಬಿಟ್ಟಿತು, ನಾವೂ ಬಿಟ್ಟೆವು, ಆದರೆ ಎಲ್ಲೂ ನಿಲ್ಲಲಿಲ್ಲ.

ಹಳೇ ಕಾರಿಗೆ ಹೊಸ ಮೂಗು ಕೊಳ್ಳಲು ಹೊರಟವರಿಗೆ ನನ್ನದೊಂದೇ ಮಾತು: ದುಡ್ಡು ಬಿಚ್ಚುವ ಮುಂಚೆ ಡಬ್ಬ ಬಿಚ್ಚಿ. ಮೊದಲು ಬೂದಿ ತೆಗೆಯಿರಿ, ಆಮೇಲೆ ಊದಿ.