ಪಿಟೀಲಿಗೆ ಚಿಕಿತ್ಸೆ

ಕಳೆದ ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ಪೆಟಾಲಿಂಗ್ ಜಯದ ನಮ್ಮ ಮನೆಯ ಸ್ಟೋರ್ ರೂಮ್ ಗುಡಿಸುವಾಗ ಮಗಳ ಹಳೆಯ ಪಿಟೀಲು ಸಿಕ್ಕಿತು. ಚೀನಾದಲ್ಲಿ ತಯಾರಾದ, 250 ರಿಂಗಿಟ್ಟಿನ ಅಗ್ಗದ ಮಾಲು. "ಯಾರೂ ಮುಟ್ಟದೆ ಹತ್ತು ವರ್ಷವಾಯ್ತು, ಎಸೆದುಬಿಡಿ" ಎಂದಳು ನನ್ನಾಕೆ. ಹತ್ತು ವರ್ಷ ಏಕೆ ಮುಟ್ಟಲಿಲ್ಲ ಎಂಬುದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹದಿಮೂರರ ಹುಡುಗಿ ಎರಡು ಕಡೆ ಅಪಸ್ವರ ನುಡಿಸಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ ನಾನು, "ಅಷ್ಟು ಜನರೆದುರು ನನ್ನ ಮರ್ಯಾದೆ ತೆಗೆದೆ" ಎಂದೆ. ಅಂದು ಮುಚ್ಚಿದ ಪೆಟ್ಟಿಗೆ ಅದು.

ಮೆಲ್ಬರ್ನಿನಲ್ಲಿರುವ ಮಗಳು ಹಬ್ಬಕ್ಕೆ ಬರುವವಳಿದ್ದಳು. ರಿಪೇರಿ ಮಾಡೋಣವೆಂದು ಕುಳಿತೆ.

ಮೊದಲ ದಿನವೇ ಎಡವಿದೆ. ಒರೆಸಲೆಂದು ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಿದೆ. ಕುದುರೆ ಬಿತ್ತು, ಜೊತೆಗೆ ಹೊಟ್ಟೆಯೊಳಗೆ 'ಟಕ್' ಎಂದಿತು. ಪಿಟೀಲಿನ ಒಳಗೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಪೆನ್ಸಿಲಿನಂಥ ಒಂದು ಮರದ ಕಡ್ಡಿ ನಿಂತಿರುತ್ತದೆ. ಸೌಂಡ್ ಪೋಸ್ಟ್ ಎನ್ನುತ್ತಾರೆ. ಫ್ರೆಂಚರು ಅದನ್ನು 'ಆತ್ಮ' ಎಂದೇ ಕರೆಯುತ್ತಾರೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸುವುದು. ಒಂದೊಂದೇ ತಂತಿ ಬದಲಾಯಿಸಬೇಕೆಂಬ ಬುದ್ಧಿ ನನಗೆ ಆಮೇಲೆ ಬಂತು.

ಅಂಚಿನಲ್ಲಿ ಬೆಸುಗೆಯೂ ಬಿಟ್ಟಿತ್ತು. ಹಗಲೆಲ್ಲ ಇಲ್ಲಿಯ ತೇವದ ಸೆಕೆ, ರಾತ್ರಿ ಏಸಿಯ ಒಣ ಗಾಳಿ, ಮರ ಉಬ್ಬಿ ಉಬ್ಬಿ ಕುಗ್ಗುತ್ತದೆ. ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೆ ಕಾಣಲಿಲ್ಲ. ನಾನು ಮೆಡಿಸಿನ್ ಎಂ.ಡಿ., ಚಾಕು ಹಿಡಿದವನಲ್ಲ, ಆದರೆ ಎದೆ ತಟ್ಟಿ ಕೇಳಬಲ್ಲೆ! ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಬಿಟ್ಟ ಕಡೆ ಒಡಕು ದನಿ. ಈ ವಿದ್ಯೆಯನ್ನು ವೈದ್ಯರಿಗೆ ಕೊಟ್ಟವನು ಔಎನ್‌ಬ್ರುಗ್ಗರ್, 1761ರಲ್ಲಿ. ತಂದೆಯ ಹೋಟೆಲಿನಲ್ಲಿ ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುತ್ತಿದ್ದನಂತೆ. ಸಾಲಿಯೇರಿಯ ಒಂದು ಸಂಗೀತ ನಾಟಕಕ್ಕೆ ಮಾತುಗಳನ್ನೂ ಬರೆದುಕೊಟ್ಟಿದ್ದ ಪುಣ್ಯಾತ್ಮ.

ಫೆವಿಕಾಲ್ ಹಚ್ಚಬಾರದು. ಅದು ಬಿಡುವುದೇ ಇಲ್ಲ. ಮರ ಕುಗ್ಗಿದಾಗ ಹಲಗೆಯೇ ಸೀಳುತ್ತದೆ. ಬೇಕಾದದ್ದು ಬಿಡಬೇಕಾದಾಗ ಬಿಡುವ ಚರ್ಮದ ಅಂಟು. ನೀರಲ್ಲಿ ನೆನೆಸಿ, 60 ಡಿಗ್ರಿಯ ಬಿಸಿನೀರ ಪಾತ್ರೆಯೊಳಗಿಟ್ಟು ಕರಗಿಸಬೇಕು. ಅದು ಯಾವುದರ ಚರ್ಮ ಎಂದು ನನ್ನಾಕೆ ಕೇಳಿದ ಮೇಲೆ ನನ್ನ ಪ್ರಯೋಗಶಾಲೆ ಅಡುಗೆಮನೆಯಿಂದ ಬಾಲ್ಕನಿಗೆ ವರ್ಗವಾಯಿತು. ಖಾಲಿ ದಾರದ ಉಂಡೆಗಳಿಗೆ ಬೋಲ್ಟು ಹಾಕಿ ಬಿಗಿದು ಒಂದು ರಾತ್ರಿ ಬಿಟ್ಟೆ, ಕೂಡಿಕೊಂಡಿತು.

ಕಡ್ಡಿ ನಿಲ್ಲಿಸಲು ಮೂರು ಭಾನುವಾರ ಹಿಡಿಯಿತು. ಸೈಕಲ್ ಕಡ್ಡಿಯನ್ನು ಎಸ್ ಆಕಾರಕ್ಕೆ ಬಗ್ಗಿಸಿ, ದಂತವೈದ್ಯ ಮಿತ್ರರ ಪುಟ್ಟ ಕನ್ನಡಿ ತಂದು, ಮೇಲಿನ ಸೀಳಿನಿಂದ ತೂರಿಸಿ, ಕುದುರೆಯ ತೆಳುತಂತಿ ಕಡೆಯ ಕಾಲಿನಿಂದ ತುಸು ಕೆಳಗೆ ನಿಲ್ಲಿಸಬೇಕು. ನಿಂತಿತೆನ್ನುವಷ್ಟರಲ್ಲಿ ಬೀಳುತ್ತಿತ್ತು. ಸದ್ದು ಕೊನೆಯ ಸಾಲಿಗೂ ಮುಟ್ಟಲೆಂದು ಏಳು ತಂತಿ ಕಟ್ಟಿದ ಪಿಟೀಲು ಚೌಡಯ್ಯನವರನ್ನು ನೆನೆದು ಕೈಮುಗಿದೆ. ನನಗೆ ನಾಲ್ಕೇ ಸಾಕಾಗಿತ್ತು.

ಹಬ್ಬದ ಹಿಂದಿನ ರಾತ್ರಿ ಮಗಳು ಬಂದಳು. ಊಟವಾದ ಮೇಲೆ ಪೆಟ್ಟಿಗೆ ಮುಂದಿಟ್ಟು, "ಅವತ್ತು ಕಾರಿನಲ್ಲಿ ನಾನು ಹಾಗೆ ಅನ್ನಬಾರದಿತ್ತಮ್ಮ" ಎಂದೆ. ಅವಳು ಮಾತಾಡಲಿಲ್ಲ. ತೆಗೆದಳು, ನೆಲದ ಮೇಲೆ ಕಾಲು ಮಡಿಸಿ ಕೂತಳು, ಕಮಾನು ಎಳೆದಳು. ಸ ಸರಿಯಿತ್ತು. ಪ ಹಿಡಿಯುವಷ್ಟರಲ್ಲಿ ಬಿರಡೆ ಸರ್ರನೆ ಜಾರಿತು.

"ಅಪ್ಪಾ, ಸೀಮೆಸುಣ್ಣ ಇದೆಯಾ?" ಎಂದಳು.