ಬಾಲದಲ್ಲಿದ್ದ ಅಕ್ಷರ

ಹಳ್ಳಿಯಿಂದ ಬಂದು ಬಿಇ ಮಾಡಿ ಬೆಂಗಳೂರು ಸೇರಿದವನಿಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಇರುತ್ತೆ. ಊರಲ್ಲಿ ಯಾರು ಮೊಬೈಲು, ಟೀವಿ, ಪ್ರಿಂಟರು ಕೊಂಡರೂ ಅಂಗಡಿಯಿಂದಲೇ ಅವನಿಗೊಂದು ಫೋನು. ನಾನು ಬರೆಯೋದು ಬ್ಯಾಂಕಿನ ಲೆಕ್ಕದ ಸಾಫ್ಟ್‌ವೇರು. ಆದ್ರೆ ಊರಿನವರ ಪಾಲಿಗೆ ನಾನು ‘ಕಂಪ್ಯೂಟ್ರು ಓದಿರೋ ಹುಡುಗ’.

2017ರ ಮಾರ್ಚ್‌ನಲ್ಲಿ ಚಿಕ್ಕಪ್ಪನ ಮಗ ತಿಪಟೂರಿನಿಂದ ಫೋನ್ ಮಾಡಿದ. ಮದುವೆ ವಿಡಿಯೋ ಎಡಿಟಿಂಗ್ ಕಲಿತಿದ್ದ, ಸ್ವಂತಕ್ಕೊಂದು ಸ್ಟುಡಿಯೋ ಹಾಕುವ ಆಸೆ. “ಅಣ್ಣಾ, ಒಂದೇ ರೇಟಿಗೆ ಎರಡೈತೆ. ಐ5 ಡೆಸ್ಕ್‌ಟಾಪು, ಐ7 ಲ್ಯಾಪ್‌ಟಾಪು. ಯಾವುದ್ ತಗಳ್ಲಿ?” ನಾನು ಮೀಟಿಂಗಿನಲ್ಲಿದ್ದೆ. “ಐ7 ತಗೋ, ಕಣ್ಮುಚ್ಕೊಂಡು” ಅಂದೆ. ಹಿಂದಿನಿಂದ ಚಿಕ್ಕಪ್ಪನ ದನಿ: “ಅವನು ಹೇಳಿದ್ ಮ್ಯಾಲೆ ಮುಗೀತು ಬುಡ್ಲಾ.”

ಆ ದುಡ್ಡು ಕೊಬ್ಬರಿಯದ್ದು. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆಸಿ ಮಂಡಿಗೆ ಹಾಕಿದ ದುಡ್ಡು. ನಾನು ಉತ್ತರ ಕೊಡಲು ತೆಗೆದುಕೊಂಡದ್ದು ಐದು ಸೆಕೆಂಡು.

ಮೇ ತಿಂಗಳಲ್ಲಿ ಮದುವೆಗಳು ಒಂದರ ಮೇಲೊಂದು ಬಂದವು. ಹುಡುಗನ ಫೋನೂ ಬರತೊಡಗಿತು. “ಅಣ್ಣಾ, ಹೊಸದರಲ್ಲಿ ಚೆನ್ನಾಗೇ ಓಡ್ತಿತ್ತು. ಈಗ ಎಕ್ಸ್‌ಪೋರ್ಟಿಗೆ ಹಾಕಿದ್ರೆ ಬೆಳಗಾಗ್ತೈತೆ.” ಶನಿವಾರ ಊರಿಗೆ ಹೋದೆ. ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಕೆಳಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದ. ಮನೆಗಿದ್ದ ಒಂದೇ ಟೇಬಲ್ ಫ್ಯಾನು ಅದರ ಕಡೆ ತಿರುಗಿತ್ತು. ಆ ಸೆಕೆಯಲ್ಲಿ ಚಿಕ್ಕಪ್ಪ ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು.

ಅವನ ಗೆಳೆಯನೊಬ್ಬನ ಬಳಿ, ಇವನು ಅಂಗಡಿಯಲ್ಲಿ ಬಿಟ್ಟು ಬಂದಂಥದ್ದೇ ಡೆಸ್ಕ್‌ಟಾಪ್ ಇತ್ತು. ಅದೇ ಮದುವೆ, ಅದೇ ಸೆಟ್ಟಿಂಗು, ಎರಡರಲ್ಲೂ ಹಾಕಿದೆವು. ಡೆಸ್ಕ್‌ಟಾಪು ಒಂದು ಗಂಟೆಗೆ ಮುಗಿಸಿತು. ನಮ್ಮ ಐ7 ಎರಡು ಗಂಟೆ ದಾಟಿದರೂ ಉಸಿರು ಬಿಡುತ್ತಲೇ ಇತ್ತು.

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ, ಪೂರ್ತಿ ಹೆಸರು ಓದಿದೆ. ಲ್ಯಾಪ್‌ಟಾಪಿನದ್ದು ಇಂಟೆಲ್ ಐ7-7500ಯು. ಡೆಸ್ಕ್‌ಟಾಪಿನದ್ದು ಐ5-7500. ನಂಬರು ಒಂದೇ, ಬಾಲದಲ್ಲೊಂದು ‘ಯು’. ಕಮ್ಮಿ ಕರೆಂಟಿನಲ್ಲಿ ನಡೆಯುವ ತೆಳು ಲ್ಯಾಪ್‌ಟಾಪುಗಳ ಗುರುತು ಅದು. ಆ ಐ7ರ ಒಳಗಿರೋದು ಎರಡೇ ಕೋರು, ಐ5ರಲ್ಲಿ ನಾಲ್ಕು. ಎರಡು ಕೋರೇ ನಾಲ್ಕರ ಹಾಗೆ ಕಾಣುವಂತೆ ಹೈಪರ್‌ಥ್ರೆಡಿಂಗ್ ಇರುತ್ತೆ. ಅದರಿಂದ ಸ್ವಲ್ಪ ಲಾಭವಿದೆ ನಿಜ, ಆದ್ರೆ ಎರಡು ಕೋರು ನಾಲ್ಕಾಗಲ್ಲ. ಐ3, ಐ5, ಐ7 ಅನ್ನೋದು ಆಯಾ ಪಂಕ್ತಿಯೊಳಗಿನ ಹಿರಿತನ ಅಷ್ಟೇ. ಲ್ಯಾಪ್‌ಟಾಪಿನ ಪಂಕ್ತಿಯ ಹಿರಿಯ ಡೆಸ್ಕ್‌ಟಾಪಿನ ಪಂಕ್ತಿಗೆ ಬಂದರೂ ಹಿರಿಯನೇ ಆಗಬೇಕಿಲ್ಲ.

ಇನ್ನೊಂದು ಲೆಕ್ಕ ವ್ಯಾಟಿನದ್ದು. ಬಿಡದೆ ದುಡಿಯುವಾಗ ಚಿಪ್ಪು ಹೊರಹಾಕುವ ಶಾಖಕ್ಕೆ ಹಾಕಿರುವ ಅಂದಾಜು ಅದು: ಆ ‘ಯು’ಗೆ 15 ವ್ಯಾಟ್, ಡೆಸ್ಕ್‌ಟಾಪಿನದಕ್ಕೆ 65. ವೇಗದ ತುತ್ತತುದಿ ನೋಡಿದರೆ 3.5 ಗಿಗಾಹರ್ಟ್ಸ್ ಮತ್ತು 3.8, ಹೆಚ್ಚು ಅಂತರವಿಲ್ಲ. ಅದಕ್ಕೇ ಅಂಗಡಿಯಲ್ಲಿ ಬ್ರೌಸರ್ ತೆಗೆದು ತೋರಿಸಿದಾಗ ಎರಡೂ ಒಂದೇ ಥರ ಕಂಡಿವೆ. ಆದರೆ ಗಂಟೆಗಟ್ಟಲೆ ದುಡಿಯುವಾಗ ತೆಳು ಡಬ್ಬಿಯ ಸಣ್ಣ ಫ್ಯಾನಿನಿಂದ ಶಾಖ ಹೊರಗೆ ಹೋಗಲ್ಲ. ಸುಟ್ಟುಹೋಗದಿರಲಿ ಅಂತ ಚಿಪ್ಪು ತಾನೇ ನಿಧಾನವಾಗುತ್ತೆ. ಡೆಸ್ಕ್‌ಟಾಪಿನೊಳಗೆ ದೊಡ್ಡ ಹೀಟ್‌ಸಿಂಕಿಗೂ ಗಾಳಿಗೂ ಜಾಗವಿದೆ.

ಹಾಗಂತ ಲ್ಯಾಪ್‌ಟಾಪೆಲ್ಲ ದಂಡ ಅಂತಲ್ಲ. ಆಗಲೇ ಐ7-7700ಎಚ್‌ಕ್ಯೂ ಇತ್ತು, ನಾಲ್ಕು ಕೋರು, 45 ವ್ಯಾಟು. ಅದೇ ವರ್ಷದ ಆಗಸ್ಟ್‌ನಲ್ಲಿ ‘ಯು’ ಸಾಲಿಗೂ ಐ7-8550ಯು ಥರದ ನಾಲ್ಕು ಕೋರಿನವು ಬಂದವು. ಆದ್ರೆ ಅದಕ್ಕೂ ಅದೇ 15 ವ್ಯಾಟು. ಕೋರು ಜಾಸ್ತಿಯಾದರೂ ಡಬ್ಬಿ ತೆಳುವೇ.

ರಾತ್ರಿ ಊಟಕ್ಕೆ ಕೂತಾಗ ತಪ್ಪು ನನ್ನದೇ ಅಂತ ಹೇಳಿಕೊಂಡೆ. ಚಿಕ್ಕಪ್ಪ ಸಿಟ್ಟಾಗಲಿಲ್ಲ. ಮುದ್ದೆ ಮುರೀತಾ, “ಒಂದು ಜೊತೆ ಎತ್ತು ತರ್ಬೇಕಾದ್ರೂ ಗಾಡಿಗೋ, ಆರಂಬಕ್ಕೋ ಅಂತ ಕೇಳ್ತೀವಿ ಕಣ್ ಮಗ. ನೀನು ಕೇಳ್ನೇ ಇಲ್ವಲ್ಲ” ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮುಂದಿನ ತಿಂಗಳು ಅರ್ಧ ದುಡ್ಡು ನಾನು ಹಾಕಿ, ಅರ್ಧ ಅವನು ದುಡಿದದ್ದು ಸೇರಿಸಿ ಒಂದು ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಿದೆವು. ಲ್ಯಾಪ್‌ಟಾಪ್ ಮಾರುವ ಮಾತು ಬಂತು, ಹುಡುಗ ಬಿಡಲಿಲ್ಲ. ಕರೆಂಟು ಹೋದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು, ಅದೂ ಹತ್ತು ನಿಮಿಷದ ಆಟ. ಲ್ಯಾಪ್‌ಟಾಪು ಬ್ಯಾಟರಿ ಮೇಲೆ ನಡೆಯುತ್ತೆ. ಛತ್ರದಲ್ಲೇ ಕೂತು ಕ್ಯಾಮೆರಾ ಕಾರ್ಡು ಖಾಲಿ ಮಾಡಿಕೊಳ್ಳಲು, ಫೋಟೋ ಆರಿಸಿ ಹೆಣ್ಣಿನ ಕಡೆಯವರಿಗೆ ತೋರಿಸಲು ಇವತ್ತಿಗೂ ಅವನಿಗೆ ಅದೇ ಬೇಕು. ಟೇಬಲ್ ಫ್ಯಾನು ಚಿಕ್ಕಪ್ಪನ ಕಡೆ ತಿರುಗಿತು.

ಫೋನುಗಳು ಈಗಲೂ ಬರುತ್ತವೆ. ಮೊನ್ನೆ ಅತ್ತೆಯ ಮೊಮ್ಮಗಳಿಗೆ ಲ್ಯಾಪ್‌ಟಾಪು ಬೇಕಂತೆ. ಮೀಟಿಂಗಿನಿಂದ ಎದ್ದು ಹೊರಗೆ ಬಂದೆ. “ಏನು ಓದ್ತಿದೀಯವ್ವ? ಅದರಲ್ಲಿ ಏನ್ ಕೆಲಸ ಮಾಡ್ತೀಯ?” ಅಂತ ಶುರು ಮಾಡಿದೆ. ಹಿಂದಿನಿಂದ ಅತ್ತೆ, “ಇವನೇನು ಹೆಣ್ಣು ನೋಡಕ್ ಬಂದೋರಂಗೆ ಕೇಳ್ತಾನೆ?” ಅನ್ನುತ್ತಿದ್ದರು. ಕೇಳಿಸಿಕೊಂಡರೂ ಬಿಡದೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದೆ.