ದಾರಿ ಹಿಡಿದು ಬಂದ ಹೆಸರು

ಗದಗ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಆಮೇಲೂ ನಮ್ಮ ಮುತ್ಯಾನ ಬಾಯಲ್ಲಿ ನಮ್ಮೂರು ಹಮ್ಮಿಗಿ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಳೆಯದು ಗಟ್ಟಿ, ಹೊಸದು ಜಾರುತ್ತಿತ್ತು. ಚಷ್ಮಾ ಎಲ್ಲಿಟ್ಟೆ, ಮುಂಜಾನೆ ಯಾರು ಬಂದಿದ್ದರು ಎಂಬುದಕ್ಕೆಲ್ಲ ತಡಕಾಡುತ್ತಿದ್ದ.

ಆ ಕಾಲದ ಒಂದು ಮಾಗಿಯ ಸಂಜೆ. ಹಿಂಗಾರಿ ಜೋಳ ಸೀತನಿಗೆ ಬಂದಿತ್ತು. ಎರೆಹೊಲದ ಬದುವಿನಲ್ಲಿ ಕುಳ್ಳಿನ ಕೆಂಡ ಮಾಡಿ ತೆನೆ ಸುಡುವುದು, ಬಿಸಿ ಇದ್ದಾಗಲೇ ತಿಕ್ಕಿ ಕಾಳು ಬಿಡಿಸಿ ಬೆಲ್ಲ, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವುದು. ಮುತ್ಯಾ ತನ್ನ ಮೊದಲ ಎತ್ತಿನ ಕಥೆ ತೆಗೆದ.

"ಅದನ್ನ ತಂದದ್ದು... ಅದ... ಹೊಳಿ ದಂಡಿ ಊರು..."

ಮಾತು ನಿಂತಿತು. ಹುಡುಗರಾದ ನಾವು ಊರು ಒದರತೊಡಗಿದೆವು. ಕೊರ್ಲಹಳ್ಳಿ? ಸಿಂಗಟಾಲೂರು? ವಿಠಲಾಪುರ? ಒಂದೊಂದು ಹೆಸರಿಗೂ ಅವನ ಮುಖ ಸಣ್ಣದಾಯಿತು. "ವಯಸ್ಸಾತಪಾ, ತಲ್ಯಾಗ ಏನೂ ನಿಲ್ಲವಲ್ದು" ಎಂದ.

ಆಯಿ ನಮ್ಮನ್ನು ಗದರಿದಳು. "ಸುಮ್ನ ಕುಂದರ್ರಿ. ನೀವು ಒದರಿದಂಗ ಬರೋ ಹೆಸರೂ ಹಿಂದ ಸರೀತೈತಿ." ಆಮೇಲೆ ಅವನ ಕಡೆ ತಿರುಗಿ, "ಊರ ಹೆಸರು ಇರಲಿ ಬಿಡ್ರಿ. ಎತ್ತು ಹೊಡಕೊಂಡು ಬಂದ ದಾರಿ ಹೇಳ್ರಿ" ಎಂದಳು.

ಮುತ್ಯಾ ಶುರುಮಾಡಿದ. ಅಗಸಿ ದಾಟಿದ್ದು, ಎತ್ತು ಹೊಳೆಯ ನೀರು ಮುಟ್ಟದೆ ಹಟ ಹಿಡಿದದ್ದು, ಬನ್ನಿಗಿಡದ ಕೆಳಗೆ ಬುತ್ತಿ ಬಿಚ್ಚಿದ್ದು. "ಬುತ್ತಿ ಕಟ್ಟಿ ಕೊಟ್ಟಾಕಿ ಬಿದರಹಳ್ಳಿ ಮುದುಕಿ, ಭಾಳ ಛಲೋ ಹೆಣಮಗಳು..." ಎಂದು ಹೇಳುತ್ತಲೇ ಹೋದ. ಹೆಸರು ಬಂದದ್ದು ಅವನಿಗೇ ತಿಳಿಯಲಿಲ್ಲ. ನಾವು ಕೂಗಬೇಕೆಂದಾಗ ಆಯಿ ಕೈ ತೋರಿಸಿ ತಡೆದಳು. ಕಥೆ ಕೊನೆಮುಟ್ಟಿತು.

ಆಯಿ ಮಾಡಿದ್ದು ಎಷ್ಟು ಸರಿ ಎಂದು ನನಗೆ ತಿಳಿದದ್ದು ಅಪ್ಪನಿಗೆ ಆ ವಯಸ್ಸು ಬಂದ ಮೇಲೆ. ವಯಸ್ಸಾದಂತೆ ನೆನಪು ಅಳಿಯುವುದಕ್ಕಿಂತ ಹೊರಗೆ ಬರುವುದು ತಡವಾಗುತ್ತದೆ. ಅದರಲ್ಲೂ ಹೆಸರುಗಳು ಎಲ್ಲಕ್ಕಿಂತ ತಡ. ಬೇರೆ ಹೆಸರು ಮುಂದೆ ಬಂದು ನಿಂತರೆ ಬೇಕಾದದ್ದು ಇನ್ನೂ ಹಿಂದೆ ಉಳಿಯುತ್ತದೆ. ಜಾಗ, ದಾರಿ, ಮಾಡಿದ ಕೆಲಸ ನೆನೆದರೆ ಅದು ಎಷ್ಟೋ ಸಲ ತಾನೇ ಬರುತ್ತದೆ. ಅಪ್ಪನ ಚಷ್ಮಾ, ಕೀಲಿಕೈಗೆ ನಾವು ಒಂದೇ ಮೊಳೆ, ಒಂದೇ ಗೂಡು ಗೊತ್ತುಮಾಡಿದ್ದೇವೆ. ಗುಳಿಗೆ ನುಂಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ.

ಆದರೆ ಎಲ್ಲ ಮರೆವನ್ನೂ ವಯಸ್ಸಿನ ಮೇಲೆ ಹಾಕಬಾರದು. ದಿನಾ ಓಡಾಡುವ ದಾರಿ ತಪ್ಪಿದರೆ, ಕೈಗೆ ರೂಢಿಯಾದ ಕೆಲಸವೇ ಮರೆತರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ವೈದ್ಯರಿಗೆ ತೋರಿಸಲೇಬೇಕು. ಬಿ12 ಕೊರತೆ, ಥೈರಾಯ್ಡ್, ಮಂದ ಕಿವಿ, ನಿದ್ದೆಯ ಗುಳಿಗೆ, ಒಳಗೊಳಗಿನ ಕೊರಗು ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಉಂಟು.

ಈಗ ಹಮ್ಮಿಗಿಯ ಬ್ಯಾರೇಜಿನಿಂದ ಬಿದರಹಳ್ಳಿ ಮುಳುಗಡೆ ಊರು. ಅಗಸಿ, ಕಟ್ಟೆ, ಓಣಿ ಬಿಟ್ಟುಬಂದ ಹಿರಿಯರಿಗೆ ನೆನಪಿನ ಗುರುತುಗಳೂ ಕೈತಪ್ಪಿವೆ. ಅವರೆದುರು ಕುಳಿತು "ನೆನಪೈತೇನು?" ಎಂದು ಪರೀಕ್ಷೆ ಮಾಡುವುದು ಬೇಡ. "ನಿಮ್ಮ ಓಣಿಯಿಂದ ಹೊಳಿಗೆ ಹೆಂಗ ಹೋಗ್ತಿದ್ರಿ?" ಎಂದು ಕೇಳಿ, ಅವರು ಮುಗಿಸುವ ತನಕ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು. ಇಷ್ಟು ಪುರುಸೊತ್ತು ನಾವು ಅವರಿಗೆ ಕೊಡಲೇಬೇಕಾದದ್ದು.